ಫೈನಾನ್ಸ್ ಮಾಸ್ಟರ್ಸ್‌ಗೆ ಸಾಲ ಮಾಡಬೇಕಾ? ಸಹಿ ಹಾಕುವ ಮೊದಲು ಕೂತು ಮಾಡಬೇಕಾದ ಲೆಕ್ಕ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಕನ್ನಡಿಗರ ಸಂಘದ ಕಾರ್ಯಕ್ರಮ ಮುಗಿದು ಊಟದ ಸಾಲಿನಲ್ಲಿ ನಿಂತಿದ್ದೆ. ಹಿಂದಿನಿಂದ ಒಬ್ಬ ಹುಡುಗಿ, "ಅಂಕಲ್, ನೀವು ಫೈನಾನ್ಸ್ ಲೈನಲ್ಲಿ ಇದ್ದೀರಲ್ವಾ? ಒಂದು ವಿಷಯ ಕೇಳ್ಬೇಕಿತ್ತು" ಅಂದಳು. ವಯಸ್ಸು 24. ಬಿಎಎಫ್ (ಅಕೌಂಟಿಂಗ್, ಫೈನಾನ್ಸ್ ಪದವಿ) ಮುಗಿಸಿ ನವಿ ಮುಂಬೈಯ ಐರೋಲಿಯ ಒಂದು ಕಂಪನಿಯಲ್ಲಿ ಕೆವೈಸಿ, ಅಂದರೆ ಗ್ರಾಹಕರ ಗುರುತು, ದಾಖಲೆ ಪರಿಶೀಲಿಸುವ ಕೆಲಸ. ಸಿಟಿಸಿ, ಅಂದರೆ ಕಂಪನಿ ವರ್ಷಕ್ಕೆ ಅವಳ ಮೇಲೆ ಮಾಡುವ ಒಟ್ಟು ಖರ್ಚು, 4 ಲಕ್ಷ, ತಿಂಗಳಿಗೆ ಕೈಗೆ ಬರುವುದು ಸುಮಾರು 28,000. ಒಂದು ಖಾಸಗಿ ಸಂಸ್ಥೆಯಲ್ಲಿ ಎರಡು ವರ್ಷದ ಫೈನಾನ್ಸ್ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ. ಒಟ್ಟು ಖರ್ಚು 16 ಲಕ್ಷ. ಸಾಲ ಕೊಡಲು ಬ್ಯಾಂಕೂ ತಯಾರಿದೆ. "ತಗೊಳ್ಳಲಾ, ಬೇಡ್ವಾ?"

ಬಾಳೆಲೆಯ ಮೇಲೆ ಪಾಯಸ ತಣ್ಣಗಾಗುವವರೆಗೆ ಮಾತಾಡಿದೆವು. ಅಷ್ಟಕ್ಕೆ ಮುಗಿಯಲಿಲ್ಲ. ಮುಂದಿನ ಭಾನುವಾರ ಅವಳೂ ಅವಳ ಅಪ್ಪನೂ ನಮ್ಮ ಮನೆಗೆ ಬಂದರು. ಅವತ್ತು ಮೂವರೂ ಕೂತು ಮಾಡಿದ ಲೆಕ್ಕವನ್ನೇ ಇಲ್ಲಿ ಹೆಜ್ಜೆಹೆಜ್ಜೆಯಾಗಿ ಬರೆದಿದ್ದೇನೆ.

ಈ ವಿಷಯದಲ್ಲಿ ನಾನು ತಟಸ್ಥ ಮನುಷ್ಯ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 2009ರಲ್ಲಿ ನಾನೂ ಸಾಲ ಮಾಡಿ ಓದಿದವನು. ಆ ಸಂಸ್ಥೆಯ ಹೆಸರು ಬೇಡ. ಅವರ ಬ್ರೋಷರಿನಲ್ಲಿ ಸೂಟು ಹಾಕಿದ ಹುಡುಗರ ಫೋಟೋ, ಅದರ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಸರಾಸರಿ ಸಂಬಳ. ಎರಡು ವರ್ಷ ಓದಿದ ಮೇಲೆ ನನಗೆ ಸಿಕ್ಕಿದ್ದು ಮುಂಬೈಯ ಮಲಾಡಿನಲ್ಲಿ ರಿಕನ್ಸಿಲಿಯೇಷನ್, ಅಂದರೆ ಎರಡು ಕಡೆಯ ಲೆಕ್ಕ ತಾಳೆ ನೋಡುವ ಕೆಲಸ. ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವನು ಬರೀ ಬಿಕಾಂ. ಸಂಬಳದಲ್ಲಿ ನಮ್ಮಿಬ್ಬರ ಮಧ್ಯೆ ಇದ್ದ ವ್ಯತ್ಯಾಸ ನನ್ನ ಇಎಂಐನ ಅರ್ಧಕ್ಕೂ ಸಾಲುತ್ತಿರಲಿಲ್ಲ. ಹಾಗಂತ ಓದಿದ್ದು ವ್ಯರ್ಥ ಆಯಿತು ಅನ್ನಲಾರೆ, ರಿಸ್ಕ್ ವಿಭಾಗಕ್ಕೆ ಬರಲು ಆಮೇಲೆ ಅದೇ ನೆರವಾಯಿತು. ಆದರೆ ನಡುವಿನ ಐದು ವರ್ಷ ಮನೆಯಲ್ಲಿ ಹೇಗೆ ದಿನ ದೂಡಿದೆವು ಅನ್ನುವುದು ನನಗೆ ಗೊತ್ತು.

ಡಿಗ್ರಿ ಒಳ್ಳೆಯದಾ ಅಂತ ಕೇಳಿದರೆ ಉತ್ತರ ಯಾವಾಗಲೂ ಹೌದು. ಅದು ಉಪಯೋಗಕ್ಕೆ ಬಾರದ ಪ್ರಶ್ನೆ. ನನ್ನ ಬ್ಯಾಚಿನಲ್ಲಿ ಕೆಳಗಿನ ಕಾಲು ಭಾಗದವರಿಗೆ ಸಿಗುವ ಕೆಲಸವೇ ನನಗೂ ಸಿಕ್ಕರೆ ಈ ಸಾಲ ಕಟ್ಟಲು ಆಗುತ್ತದಾ ಅಂತ ಕೇಳಬೇಕು.

ಹೆಜ್ಜೆ 1: ಯಾವ ಕುರ್ಚಿಗಾಗಿ ಓದುತ್ತಿದ್ದೀರಿ?

"ಫೈನಾನ್ಸಿಗೆ ಹೋಗ್ಬೇಕು" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಮುಂಬೈಯಲ್ಲಿ ಫೈನಾನ್ಸ್ ಅಂದರೆ ಬಿಕೆಸಿಯ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಕೂಡ ಹೌದು, ಗೋರೆಗಾಂವ್ ನೆಸ್ಕೋದಲ್ಲಿ ರಾತ್ರಿ ಪಾಳಿಯಲ್ಲಿ ಕೂತು ಮಾಡುವ ಫಂಡ್ ಅಕೌಂಟಿಂಗ್ ಕೂಡ ಹೌದು. ಎರಡೂ ಕಡೆ ಗೇಟಿನ ಮೇಲೆ ಒಂದೇ ಬ್ಯಾಂಕಿನ ಹೆಸರು ಇರಬಹುದು. ಸಂಬಳ ಮಾತ್ರ ಬೇರೆ.

ಈಕ್ವಿಟಿ ರಿಸರ್ಚ್, ಕ್ರೆಡಿಟ್ ಅನಾಲಿಸಿಸ್, ಟ್ರೆಷರಿ, ರಿಸ್ಕ್, ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್, ಇದರಲ್ಲಿ ಯಾವುದು? ಒಂದು ಚೀಟಿಯಲ್ಲಿ ಬರೆಯಿರಿ. ಆಮೇಲೆ ಲಿಂಕ್ಡ್‌ಇನ್‌ನಲ್ಲಿ ಮುಂಬೈಯಲ್ಲಿ ಅದೇ ಕೆಲಸ ಮಾಡುತ್ತಿರುವ ಇಪ್ಪತ್ತು ಜನರನ್ನು ಹುಡುಕಿ, ಅವರು ಏನು ಓದಿದ್ದಾರೆ ಅಂತ ನೋಡಿ. ಇಪ್ಪತ್ತರಲ್ಲಿ ಹನ್ನೆರಡು ಜನ ಸಿಎ ಅಥವಾ ಸಿಎಫ್‌ಎ (ಹೂಡಿಕೆ ವಿಶ್ಲೇಷಣೆಯ ಅಂತರರಾಷ್ಟ್ರೀಯ ಪರೀಕ್ಷೆ) ಆಗಿದ್ದರೆ ನಿಮ್ಮ ಮಾಸ್ಟರ್ಸ್ ಆ ಬಾಗಿಲಿನ ಕೀಲಿ ಅಲ್ಲ. ಕೆವೈಸಿ, ರಿಕನ್ಸಿಲಿಯೇಷನ್, ಟ್ರೇಡ್ ಸೆಟಲ್‌ಮೆಂಟ್ ತರಹದ ಕೆಲಸಕ್ಕೆ ಬಿಕಾಂ, ಬಿಎಂಎಸ್, ಬಿಎಎಫ್ ಸಾಕು. ಅಲ್ಲಿಗೇ ವಾಪಸ್ ಬರಲು 16 ಲಕ್ಷ ಯಾಕೆ ಸುರಿಯಬೇಕು?

ನಮ್ಮ ಹುಡುಗಿ "ಕ್ರೆಡಿಟ್" ಅಂತ ಬರೆದಳು, ಅಂದರೆ ಸಾಲ ಕೇಳುವ ಕಂಪನಿಗೆ ಅದನ್ನು ತೀರಿಸುವ ತಾಕತ್ತು ಇದೆಯಾ ಅಂತ ಅಳೆಯುವ ಕೆಲಸ. ಅದು ಒಳ್ಳೆಯ ಆಯ್ಕೆ. ಕೆವೈಸಿ ಮಾಡಿದವಳಿಗೆ ಕಂಪನಿಗಳ ಕಾಗದಪತ್ರ ಓದುವ ಅಭ್ಯಾಸ ಆಗಲೇ ಆಗಿರುತ್ತದೆ.

ಹೆಜ್ಜೆ 2: ಮೊದಲು ಇಎಂಐ, ಆಮೇಲೆ ಕ್ಯಾಂಪಸ್ಸು

ಬಹಳ ಜನ ಕ್ಯಾಂಪಸ್ ನೋಡಿ ಮನಸ್ಸು ಕೊಟ್ಟುಬಿಡುತ್ತಾರೆ. ಲೆಕ್ಕ ಆಮೇಲೆ. ಅದನ್ನು ತಿರುಗಿಸಿ.

ಸಾಲ 16 ಲಕ್ಷ, ಬಡ್ಡಿ ಶೇ. 10 ಅಂತ ಇಟ್ಟುಕೊಳ್ಳಿ. ಮೊದಲ ವರ್ಷದ ಶುರುವಿಗೆ 8 ಲಕ್ಷ, ಎರಡನೇ ವರ್ಷದ ಶುರುವಿಗೆ ಇನ್ನು 8 ಲಕ್ಷ ಬಿಡುಗಡೆ ಆಗುತ್ತದೆ. ಓದು ಮುಗಿದು ಆರು ತಿಂಗಳವರೆಗೆ ಕಂತು ಕಟ್ಟಬೇಕಾಗಿಲ್ಲ. ಕೆಲವು ಬ್ಯಾಂಕುಗಳು ಒಂದು ವರ್ಷ ಬಿಡುತ್ತವೆ. ಇದನ್ನು ಮೊರಟೋರಿಯಂ ಅನ್ನುತ್ತಾರೆ. ಆ ಸಮಯದಲ್ಲಿ ಬಡ್ಡಿಯೇ ಇಲ್ಲ ಅಂದುಕೊಳ್ಳುವವರು ತುಂಬಾ ಜನ. ಕಟ್ಟುವುದು ಇಲ್ಲ ಅಷ್ಟೇ, ಮೀಟರ್ ಓಡುತ್ತಲೇ ಇರುತ್ತದೆ.

ಮೊದಲ ವರ್ಷ 8 ಲಕ್ಷಕ್ಕೆ 80,000. ಎರಡನೇ ವರ್ಷ 16 ಲಕ್ಷಕ್ಕೆ 1,60,000. ಕೊನೆಯ ಆರು ತಿಂಗಳಿಗೆ 80,000. ಇದು ಸರಳ ಬಡ್ಡಿಯ ಲೆಕ್ಕ. ಒಟ್ಟು 3,20,000. ಕಂತು ಶುರುವಾಗುವ ದಿನ ಇದು ಅಸಲಿಗೆ ಸೇರುತ್ತದೆ. ಅಂದರೆ ಅವತ್ತು ನಿಮ್ಮ ಸಾಲ 16 ಲಕ್ಷ ಅಲ್ಲ, 19.2 ಲಕ್ಷ.

ಆ 19.2 ಲಕ್ಷಕ್ಕೆ ತಿಂಗಳ ಕಂತು ಹೀಗೆ ಬರುತ್ತದೆ:

- 7 ವರ್ಷಕ್ಕೆ ಸುಮಾರು 31,900. ಒಟ್ಟು ಕಟ್ಟುವುದು 26.8 ಲಕ್ಷ.
- 10 ವರ್ಷಕ್ಕೆ ಸುಮಾರು 25,400. ಒಟ್ಟು 30.4 ಲಕ್ಷ.
- 15 ವರ್ಷಕ್ಕೆ ಸುಮಾರು 20,600. ಒಟ್ಟು 37.1 ಲಕ್ಷ.

15 ವರ್ಷದ ಕಂತು ಕಣ್ಣಿಗೆ ಹಗುರ ಕಾಣುತ್ತದೆ. ಆದರೆ 24ರಲ್ಲಿ ಓದಲು ಹೋದ ಹುಡುಗಿಗೆ ಸಾಲ ತೀರುವಾಗ 40 ದಾಟಿರುತ್ತದೆ. ಇನ್ನೊಂದು ಕಡೆ ಹೆಚ್ಚು ಅವಧಿ ಇದ್ದರೆ ಕೆಟ್ಟ ತಿಂಗಳಲ್ಲಿ ಉಸಿರಾಡಬಹುದು. ನನ್ನನ್ನು ಕೇಳಿದರೆ ಕಾಗದದ ಮೇಲೆ ಉದ್ದದ ಅವಧಿ ಹಾಕಿಸಿ, ಕೈಯಲ್ಲಿ ದುಡ್ಡಾದಾಗೆಲ್ಲ ಮುಂಚಿತವಾಗಿ ಕಟ್ಟಿ. ಫ್ಲೋಟಿಂಗ್ ಬಡ್ಡಿಯ, ಅಂದರೆ ದರ ಆಗಾಗ ಬದಲಾಗುವ ಸಾಲವನ್ನು ವ್ಯಕ್ತಿಗಳು ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಕಾಗದದಲ್ಲಿ ಫ್ಲೋಟಿಂಗ್ ಅಂತ ಇದೆಯಾ, ಅದೊಂದು ನೋಡಿಕೊಳ್ಳಿ.

ಬಡ್ಡಿ ದರದ ವ್ಯತ್ಯಾಸವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೇಗ ಸಾಲ ಕೊಡುವ ಖಾಸಗಿ ಫೈನಾನ್ಸ್ ಕಂಪನಿ ಶೇ. 13 ಅಂದಿತು ಅನ್ನಿ. ಅದೇ 16 ಲಕ್ಷ ಕಂತಿನ ದಿನಕ್ಕೆ 20.16 ಲಕ್ಷ ಆಗಿರುತ್ತದೆ. ಹತ್ತು ವರ್ಷದ ಕಂತು 30,100. ತಿಂಗಳಿಗೆ 4,700 ಜಾಸ್ತಿ, ಅದೂ 120 ತಿಂಗಳು. ಎರಡು ದಿನದಲ್ಲಿ ಸ್ಯಾಂಕ್ಷನ್ ಆಗುತ್ತದೆ ಅನ್ನುವ ಸುಖಕ್ಕೆ ಇದು ದುಬಾರಿ. ಅದರ ಮೇಲೆ ಪ್ರೊಸೆಸಿಂಗ್ ಫೀ, ಅದಕ್ಕೆ ಜಿಎಸ್‌ಟಿ, ಕೇಳದೆಯೇ ಅಂಟಿಸುವ ಇನ್ಶೂರೆನ್ಸು. ಮೊರಟೋರಿಯಂನಲ್ಲಿ ಬಡ್ಡಿ ಸರಳವೋ ಚಕ್ರಬಡ್ಡಿಯೋ ಅಂತ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿಗೆ ಬೆಲೆ ಇಲ್ಲ.

ಹೆಜ್ಜೆ 3: ಸಿಟಿಸಿ ಮರೆತು ಕೈಗೆ ಬರುವುದನ್ನು ಹಿಡಿಯಿರಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ನಿಧಾನಕ್ಕೆ ಓದಿ.

8 ಲಕ್ಷ ಸಿಟಿಸಿ ಅಂದರೆ ತಿಂಗಳಿಗೆ 66,000 ಬರುತ್ತದೆ ಅಂತ ಮನೆಯವರು ಭಾಗಿಸಿ ಕೂತಿರುತ್ತಾರೆ. ಅದರಲ್ಲಿ ಶೇ. 10 ವೇರಿಯಬಲ್ ಅಂದುಕೊಂಡರೆ 80,000 ಹೋಯಿತು. ಅದು ವರ್ಷದ ಕೊನೆಗೆ ಬಂದರೆ ಬಂತು. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಅಂತ ಐವತ್ತು ಸಾವಿರದ ಮೇಲೆ ಸಿಟಿಸಿಯೊಳಗೇ ಕೂತಿರುತ್ತದೆ. ಆಮೇಲೆ ನಿಮ್ಮ ಪಾಲಿನ ಪಿಎಫ್, ಮಹಾರಾಷ್ಟ್ರದ ಪ್ರೊಫೆಷನಲ್ ಟ್ಯಾಕ್ಸ್ ತಿಂಗಳಿಗೆ 200. ಎಲ್ಲ ಕಳೆದು ಕೈಗೆ ಬರುವುದು ಸುಮಾರು 52,000. ಹೊಸ ಪದ್ಧತಿಯಲ್ಲಿ ಈ ಮಟ್ಟಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ ಅನ್ನುವುದೊಂದು ಸಮಾಧಾನ. ಇದೇ ಲೆಕ್ಕದಲ್ಲಿ 12 ಲಕ್ಷಕ್ಕೆ ಸುಮಾರು 78,000 ಬರುತ್ತದೆ.

ಈಗ ಹೋಲಿಸಿ. ಆದರೆ ಯಾವುದರ ಜೊತೆ? ಇವತ್ತಿನ 28,000ದ ಜೊತೆ ಅಲ್ಲ. ಎರಡು ವರ್ಷ ಅದೇ ಕೆಲಸದಲ್ಲಿ ಇದ್ದಿದ್ದರೆ ವರ್ಷಕ್ಕೆ ಶೇ. 9ರ ಹಾಗೆ ಏರಿ ಸುಮಾರು 33,000 ಆಗಿರುತ್ತಿತ್ತು. ಅದರ ಜೊತೆ.

ಓದಿದ ಮೇಲೆ 8 ಲಕ್ಷದ ಕೆಲಸ ಸಿಕ್ಕಿತು. 52,000ದಲ್ಲಿ 33,000 ಕಳೆದರೆ ಓದಿನಿಂದ ಬಂದ ಹೆಚ್ಚುವರಿ 19,000. ಕಂತು 25,400. ಅಂದರೆ ಸಿಟಿಸಿ ದುಪ್ಪಟ್ಟಾಗಿದೆ, ಮನೆಯಲ್ಲಿ ಪೇಡ ಹಂಚಿದ್ದಾರೆ, ತಿಂಗಳ ಕೊನೆಗೆ ಕೈಯಲ್ಲಿ ಮೊದಲಿಗಿಂತ 6,400 ಕಡಿಮೆ.

ಈ ಸಾಲಿಗೆ ಬಂದಾಗ ಹುಡುಗಿ ಕ್ಯಾಲ್ಕ್ಯುಲೇಟರ್ ಕಿತ್ತುಕೊಂಡು ಎರಡು ಸಲ ಒತ್ತಿ ನೋಡಿದಳು.

12 ಲಕ್ಷ ಸಿಕ್ಕರೆ? 78,000ದಲ್ಲಿ 33,000 ಕಳೆದು 45,000. ಕಂತು ಹೋಗಿ 19,600 ಉಳಿಯುತ್ತದೆ. ಎರಡು ವರ್ಷ ಸಂಬಳ ಇಲ್ಲದೆ ಕೂತದ್ದಕ್ಕೆ ಕಳೆದುಕೊಂಡದ್ದು ಹತ್ತಿರ ಹತ್ತಿರ 7 ಲಕ್ಷ. ಆ ಗುಂಡಿ ತುಂಬಲು ಮೂರು ವರ್ಷ ಬೇಕು. ಆಮೇಲಿಂದ ಲಾಭ. ಇದು ಒಪ್ಪಬಹುದಾದ ವ್ಯವಹಾರ. ಮುಂದೆ ಸಂಬಳ ಏರುತ್ತದೆ, ಕಂತು ಹೆಚ್ಚುಕಡಿಮೆ ಅಲ್ಲೇ ಇರುತ್ತದೆ.

ಹಾಗಾದರೆ ಗೆರೆ ಎಲ್ಲಿದೆ? 33,000ಕ್ಕೆ ಕಂತು 25,400 ಕೂಡಿಸಿ, 58,400. ಅಷ್ಟು ಕೈಗೆ ಬರಬೇಕಾದರೆ ಸಿಟಿಸಿ ಸುಮಾರು 9 ಲಕ್ಷ ಇರಬೇಕು. ಅವಳ ಮಟ್ಟಿಗೆ 9 ಲಕ್ಷ ದಡ, ಅದಕ್ಕಿಂತ ಕೆಳಗೆ ಹೊಳೆ. ನಿಮ್ಮ ದಡ ಬೇರೆ ಇರುತ್ತದೆ. ಈಗ 60,000 ಸಂಬಳ ತರುತ್ತಿರುವವರಿಗೆ ಅದು ತುಂಬಾ ಮೇಲಿರುತ್ತದೆ. ಈಗಷ್ಟೇ ಡಿಗ್ರಿ ಮುಗಿಸಿ ಕೆಲಸವೇ ಇಲ್ಲದವರಿಗೆ ಕೆಳಗೆ. ಇದರ ಜೊತೆಗೆ ನಾನು ಇನ್ನೊಂದು ಕಡ್ಡಿಯನ್ನೂ ಅಡ್ಡ ಇಡುತ್ತೇನೆ. ನೆಮ್ಮದಿಯಾಗಿ ಇರಬೇಕಾದರೆ ಕಂತು ಕೈಗೆ ಬರುವ ಸಂಬಳದ ಮೂರನೇ ಒಂದು ಭಾಗ ಮೀರಬಾರದು. ಅವಳ ಮಟ್ಟಿಗೆ ಅದಕ್ಕೆ 12 ಲಕ್ಷದ ಹತ್ತಿರ ಬೇಕು, 9 ಲಕ್ಷ ಬರೀ ಕನಿಷ್ಠ ಗೆರೆ. ಮನೆ ಬಾಡಿಗೆ ಕೊಡಬೇಕಾದವರಿಗೆ ಮೂರನೇ ಒಂದೂ ಜಾಸ್ತಿಯೇ. ಡೊಂಬಿವಲಿಯಲ್ಲಿ ಅಪ್ಪ ಅಮ್ಮನ ಮನೆಯಲ್ಲಿದ್ದು ಫಾಸ್ಟ್ ಲೋಕಲ್ ಹಿಡಿಯುವ ಹುಡುಗಿಗೂ ಪುಣೆಯಿಂದ ಬಂದು ಅಂಧೇರಿಯಲ್ಲಿ ಪಿಜಿ ಹಿಡಿಯುವವಳಿಗೂ ಲೆಕ್ಕ ಒಂದೇ ಆಗಲಾರದು.

ಟ್ಯಾಕ್ಸ್ ಉಳಿಯುತ್ತದೆ ಅಂತ ಸಾಲ ಮಾರುವವರು ಹೇಳುತ್ತಾರೆ. ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷ ಪೂರ್ತಿ ವಿನಾಯಿತಿ ಕೊಡುವ ಆದಾಯ ತೆರಿಗೆ ರಿಯಾಯಿತಿ (1961ರ ಕಾಯ್ದೆಯಲ್ಲಿ 80ಇ) ನಿಜ. ಆದರೆ ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಅದೂ ಬಡ್ಡಿಗೆ ಮಾತ್ರ. ಹೊಸ ಪದ್ಧತಿಯಲ್ಲಿ ಇರುವವರಿಗೆ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ.

ಹೆಜ್ಜೆ 4: ಪ್ಲೇಸ್‌ಮೆಂಟ್ ರಿಪೋರ್ಟನ್ನು ಪಂಚಾಂಗದ ಹಾಗೆ ಓದಬೇಡಿ

ನಮ್ಮ ಕನಿಷ್ಠ ಗೆರೆ 9 ಲಕ್ಷ ಅಂತ ಗೊತ್ತಾಯಿತು. ಈಗ ಬ್ರೋಷರ್ ತೆರೆಯಬಹುದು.

ಮೊದಲು ಸರಾಸರಿ ಬಿಟ್ಟು ಮೀಡಿಯನ್ ಹುಡುಕಿ. ಹತ್ತು ಜನರಲ್ಲಿ ಒಬ್ಬನಿಗೆ 40 ಲಕ್ಷ, ಉಳಿದ ಒಂಬತ್ತು ಜನಕ್ಕೆ 7 ಲಕ್ಷ ಸಿಕ್ಕರೆ ಸರಾಸರಿ 10.3 ಲಕ್ಷ ಆಗುತ್ತದೆ. ಆ 10.3 ಲಕ್ಷ ಯಾರ ಕೈಗೂ ಬಂದಿಲ್ಲ. ಮೀಡಿಯನ್ ಅಂದರೆ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ನಿಂತವನ ಸಂಬಳ. ಇಲ್ಲಿ ಅದು 7 ಲಕ್ಷ. ಮೀಡಿಯನ್ ಕೊಡದ ಸಂಸ್ಥೆ ಯಾಕೆ ಕೊಟ್ಟಿಲ್ಲ ಅಂತ ಊಹಿಸಲು ಫೈನಾನ್ಸ್ ಓದಬೇಕಾಗಿಲ್ಲ.

ಎರಡನೆಯದು, ಛೇದ ನೋಡಿ. "ಶೇ. 100 ಪ್ಲೇಸ್‌ಮೆಂಟ್" ಅಂದರೆ ಎಷ್ಟು ಜನರಲ್ಲಿ ನೂರು? ಬ್ಯಾಚಿನಲ್ಲಿ 120 ಜನ ಇದ್ದು, ಪ್ಲೇಸ್‌ಮೆಂಟಿಗೆ ಅರ್ಹರು ಅಂತ 85 ಜನರನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಬಹುದು. ಉಳಿದ 35 ಜನ "ಸ್ವಂತ ಉದ್ಯಮ", "ಮುಂದಿನ ಓದು" ಅನ್ನುವ ಪೆಟ್ಟಿಗೆಯಲ್ಲಿರುತ್ತಾರೆ. ಇಂಥದ್ದಕ್ಕೆ ಕಡಿವಾಣ ಹಾಕಲು ಐಐಎಂ ಅಹಮದಾಬಾದ್ ಮುಂದೆ ನಿಂತು ಐಪಿಆರ್‌ಎಸ್ ಅನ್ನುವ ವರದಿ ಮಾದರಿ ಮಾಡಿತು. ಅದರ ಪ್ರಕಾರ ಬರೆದು ಆಡಿಟ್ ಮಾಡಿಸಿದ ವರದಿ ಇದ್ದರೆ ಸ್ವಲ್ಪ ನಂಬಬಹುದು.

ಮೂರನೆಯದು, ಕಂಪನಿಯ ಲೋಗೋ ಅಲ್ಲ, ಕೆಲಸದ ಹೆಸರು. ವಿದೇಶಿ ಬ್ಯಾಂಕಿನ ಲೋಗೋ ಇರುತ್ತದೆ. ತೆಗೆದುಕೊಂಡದ್ದು ಮಲಾಡಿನ ಆಪರೇಷನ್ಸ್‌ಗೆ. ನಾನೇ ಅದಕ್ಕೆ ಉದಾಹರಣೆ. ನನ್ನ ಸಂಸ್ಥೆಯ ಮುಂದಿನ ವರ್ಷದ ಬ್ರೋಷರಿನಲ್ಲಿ ನನ್ನ ಕಂಪನಿಯ ಲೋಗೋ ಇತ್ತು!

ನಾಲ್ಕನೆಯದು ಶ್ರಮದ ಕೆಲಸ, ಆದರೆ ಇದಕ್ಕಿಂತ ಒಳ್ಳೆಯ ವರದಿ ಯಾರೂ ಕೊಡಲಾರರು. ಅದೇ ಕೋರ್ಸನ್ನು ಮೂರು ವರ್ಷದ ಹಿಂದೆ ಮುಗಿಸಿದ ಹದಿನೈದು ಜನರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ. ಸಂಸ್ಥೆಯವರು ಕೊಟ್ಟ ನಂಬರು ಬೇಡ, ಅವರು ಟಾಪರ್‌ಗಳನ್ನೇ ಕೊಡುತ್ತಾರೆ. ಅವರಲ್ಲಿ ಐದು ಜನರಾದರೂ ಮಾತಿಗೆ ಸಿಗುತ್ತಾರೆ. ಸಂಬಳ ಎಷ್ಟು ಅಂತ ನೇರವಾಗಿ ಕೇಳಬೇಡಿ, ಯಾರೂ ಹೇಳುವುದಿಲ್ಲ. "ನಿಮ್ಮ ಬ್ಯಾಚಿನಲ್ಲಿ ಕೊನೆಯಲ್ಲಿ ಪ್ಲೇಸ್ ಆದವರಿಗೆ ಎಂಥ ಆಫರ್ ಬಂತು?" ಅಂತ ಕೇಳಿ. ಬೇರೆಯವರ ಸಂಬಳದ ಬಗ್ಗೆ ಮಾತಾಡಲು ಜನರಿಗೆ ಸಂಕೋಚ ಇರುವುದಿಲ್ಲ. ಆ ಸಂಖ್ಯೆ ನಿಮ್ಮ ಗೆರೆಯ ಮೇಲಿದ್ದರೆ ಧೈರ್ಯವಾಗಿ ಹೋಗಿ. ಮೀಡಿಯನ್ ಗೆರೆಯ ಮೇಲಿದ್ದು ಕೆಳಗಿನ ಕಾಲು ಭಾಗ ಗೆರೆಯ ಕೆಳಗಿದ್ದರೆ ಸಾಲದ ಮೊತ್ತ ಇಳಿಸುವ ದಾರಿ ಹುಡುಕಬೇಕು. ಮೀಡಿಯನ್ನೇ ಗೆರೆಯ ಕೆಳಗಿದ್ದರೆ ಆ ಸಂಸ್ಥೆಗೆ ಕೈ ಮುಗಿದುಬಿಡಿ.

"ಆದರೆ ಅಂಕಲ್, ನಾನು ಚೆನ್ನಾಗಿ ಓದ್ತೀನಿ" ಅಂದಳು. ನಿಜವೇ ಇರಬಹುದು. ಆದರೆ ನಾವು ಆರಿಸುವುದು ಕಾಲೇಜನ್ನು, ಪ್ಲೇಸ್‌ಮೆಂಟ್ ನಡೆಯುವ ವರ್ಷವನ್ನಲ್ಲ. ಜಗತ್ತಿನ ಆರ್ಥಿಕ ಕುಸಿತದ ಹೊತ್ತಿನಲ್ಲಿ, 2009ರಲ್ಲಿ ಹೊರಬಿದ್ದವರನ್ನು ಕೇಳಿ, ಚೆನ್ನಾಗಿ ಓದಿದವರೂ ಅವತ್ತು ಆರಾರು ತಿಂಗಳು ಮನೆಯಲ್ಲಿ ಕೂತಿದ್ದರು.

ಹೆಜ್ಜೆ 5: ಸಹಿ ಯಾರದ್ದು, ಅಡವು ಯಾವುದು?

ಶಿಕ್ಷಣ ಸಾಲ ಮಕ್ಕಳ ಹೆಸರಿನಲ್ಲಿದ್ದರೂ ಅಪ್ಪನೋ ಅಮ್ಮನೋ ಸಹ-ಸಾಲಗಾರರು. ಮಗಳು ಕಟ್ಟದಿದ್ದರೆ ಅಪ್ಪ ಕಟ್ಟಬೇಕು. ಕಂತು ತಪ್ಪಿದರೆ ಇಬ್ಬರ ಸಿಬಿಲ್ ಸ್ಕೋರೂ ಬೀಳುತ್ತದೆ.

ನನ್ನ ಅಪ್ಪ ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ಬ್ಯಾಂಕಿನಲ್ಲಿ ಮ್ಯಾನೇಜರ್ ಫಾರ್ಮು ಮುಂದಿಟ್ಟಾಗ ಅಪ್ಪ ನನ್ನ ಕಡೆ ತಿರುಗಿ ಮೆಲ್ಲಗೆ, "ಕೆಲ್ಸ ಸಿಕ್ಕದಿದ್ರೆ ಇದನ್ ಕಟ್ಟುದ್ ಯಾರ್ ಮಗಾ?" ಅಂದರು. ನಾನು ನಕ್ಕು, "ಸಿಗ್ತದೆ ಅಪ್ಪ" ಅಂದೆ. ದಿನವೂ ಸಾವಿರಾರು ರೂಪಾಯಿ ಎಣಿಸುವ ಮನುಷ್ಯ ಕೇಳಿದ ಸರಿಯಾದ ಪ್ರಶ್ನೆ ಅದು. ನನ್ನ ಬಳಿ ಅಂಕಿಯ ಉತ್ತರ ಇರಲಿಲ್ಲ.

ಮೊತ್ತದ ಪ್ರಕಾರ ನಿಯಮ ಬದಲಾಗುತ್ತದೆ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ 7.5 ಲಕ್ಷದವರೆಗೆ ಆಸ್ತಿಯ ಅಡವು ಬೇಕಾಗಿಲ್ಲ, ಅದರ ಮೇಲೆ ಬೇಕು. ಆದರೆ ದೊಡ್ಡ ಸರ್ಕಾರಿ ಬ್ಯಾಂಕುಗಳು ತಮ್ಮದೇ ಹೆಸರಾಂತ ಸಂಸ್ಥೆಗಳ ಪಟ್ಟಿ ಇಟ್ಟುಕೊಂಡಿರುತ್ತವೆ. ಪಟ್ಟಿಯಲ್ಲಿದ್ದರೆ ಅಡವಿಲ್ಲದೆ ಇನ್ನೂ ದೊಡ್ಡ ಮೊತ್ತ, ಅದೂ ಕಡಿಮೆ ಬಡ್ಡಿಗೆ ಸಿಗುತ್ತದೆ. ನಿಮ್ಮ ಸಂಸ್ಥೆ ಆ ಪಟ್ಟಿಯ ಯಾವ ದರ್ಜೆಯಲ್ಲಿದೆ ಅಂತ ಕೇಳಿ. ಒಂದೂ ಬ್ಯಾಂಕಿನ ಪಟ್ಟಿಯಲ್ಲಿ ಇಲ್ಲ ಅಂದರೆ ಅದು ಬ್ಯಾಂಕು ಕೊಟ್ಟ ಮೌನದ ಉತ್ತರ. ಅವರೂ ನಮ್ಮ ಹಾಗೆ ಹಿಂದಿನ ಬ್ಯಾಚುಗಳ ಕಂತು ನೋಡಿಯೇ ಪಟ್ಟಿ ಮಾಡುವುದು.

ಅಡವಿನ ವಿಷಯದಲ್ಲಿ ನಮ್ಮವರಿಗೆ ಎರಡು ತೊಡಕು ಬರುತ್ತದೆ. ಊರಿನ ಜಾಗ ಕೊಡೋಣ ಅಂದರೆ ಅದು ಕೃಷಿ ಜಮೀನು, ಇಲ್ಲವೇ ಜಂಟಿ ಖಾತೆ. ದೊಡ್ಡಪ್ಪನ ಮಕ್ಕಳೆಲ್ಲ ಸಹಿ ಹಾಕಬೇಕು. ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಇಲ್ಲಿಯ ಫ್ಲ್ಯಾಟ್ ಕೊಡೋಣ ಅಂದರೆ ಹಳೆಯ ಬಿಲ್ಡಿಂಗಿಗೆ ಒಸಿ (ವಾಸಕ್ಕೆ ಯೋಗ್ಯ ಅನ್ನುವ ಪಾಲಿಕೆಯ ಪತ್ರ) ಇರುವುದಿಲ್ಲ. ಕಲ್ಯಾಣ್, ಡೊಂಬಿವಲಿ ಕಡೆ ಇದು ಮಾಮೂಲು. ಸೊಸೈಟಿ ಎನ್‌ಒಸಿ, ಶೇರ್ ಸರ್ಟಿಫಿಕೇಟ್, ಇಂಡೆಕ್ಸ್ 2 (ಮನೆ ನೋಂದಣಿಯ ಸಾರಾಂಶ) ಇವೆಲ್ಲ ಮೊದಲೇ ತೆಗೆದಿಡಿ. ಆದರೆ ಎಲ್ಲ ಕಾಗದ ಸರಿ ಇದೆ ಅನ್ನುವುದು ಅಡವಿಡಲು ಕಾರಣ ಅಲ್ಲ. ಇರುವ ಒಂದೇ ಮನೆಯನ್ನು ಅಡವಿಟ್ಟು ಫೈನಾನ್ಸ್ ಮಾಸ್ಟರ್ಸ್ ಮಾಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಅಪ್ಪನಿಗೆ 55 ದಾಟಿದ್ದರಂತೂ ಬೇಡವೇ ಬೇಡ.

ಹೆಜ್ಜೆ 6: ಅದೇ ಕುರ್ಚಿಗೆ ಅಗ್ಗದ ದಾರಿ ಇದೆಯಾ?

ಮುಂಬೈಯಲ್ಲಿ ಇರುವವರು ಈ ವಿಷಯದಲ್ಲಿ ಅದೃಷ್ಟವಂತರು. ಚರ್ಚ್‌ಗೇಟ್‌ನ ಜಮ್ನಾಲಾಲ್ ಬಜಾಜ್ ಮತ್ತು ಸಿಡೆನ್‌ಹ್ಯಾಮ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳಿಗೆ ರಾಜ್ಯದ ಸಿಇಟಿ ಮೂಲಕ ಸೀಟು ಸಿಗುತ್ತದೆ. ಖಾಸಗಿಯವರ ಮುಂದೆ ಅಲ್ಲಿಯ ಶುಲ್ಕ ತುಂಬಾ ಕಡಿಮೆ. ಪೈಪೋಟಿ ಭಯಂಕರ, ಒಪ್ಪಿದೆ. ಆದರೆ ಒಂದು ವರ್ಷ ಕೆಲಸ ಮಾಡುತ್ತಲೇ ಸಿಇಟಿಗೆ ತಯಾರಿ ಮಾಡಿ ಅಲ್ಲಿ ಸೀಟು ಹಿಡಿದರೆ ಉಳಿಯುವ ಸಾಲದ ಮುಂದೆ ಆ ಒಂದು ವರ್ಷ ಏನೂ ಅಲ್ಲ.

ರಾಜ್ಯ ಸರ್ಕಾರದ ಶುಲ್ಕ ರಿಯಾಯಿತಿಯನ್ನು ನಮ್ಮವರು ಮರೆತೇಬಿಡುತ್ತಾರೆ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದು, ರಾಜ್ಯದ ಕೇಂದ್ರೀಕೃತ ಪ್ರವೇಶ ಪ್ರಕ್ರಿಯೆಯಲ್ಲಿ ಸೀಟು ಸಿಕ್ಕರೆ ಬೋಧನಾ ಶುಲ್ಕದಲ್ಲಿ ಅರ್ಧ ರಿಯಾಯಿತಿ ಸಿಗುವ ಯೋಜನೆ ಇದೆ. ಇತರ ಹಿಂದುಳಿದ ವರ್ಗ, ಎಸ್‌ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದ ವರ್ಗ) ಮತ್ತು ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗ) ಹೆಣ್ಣುಮಕ್ಕಳಿಗೆ 2024-25ರಿಂದ ಪೂರ್ತಿ ಬೋಧನಾ ಶುಲ್ಕ ಮಾಫಿ. ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಕ್ಕೆ, ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಇದು ಇಲ್ಲ. ಮಹಾರಾಷ್ಟ್ರದ ಡೊಮಿಸೈಲ್, ಅಂದರೆ ಇಲ್ಲಿಯ ನಿವಾಸಿ ಅನ್ನುವ ಪ್ರಮಾಣಪತ್ರ ಬೇಕು. ಊರಿನಿಂದ ತಂದ ಕರ್ನಾಟಕದ ಜಾತಿ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ, ಇಲ್ಲಿಯ ಪ್ರಮಾಣಪತ್ರ ಬೇಕು. ಅದಕ್ಕೆ ತಿಂಗಳುಗಟ್ಟಲೆ ಓಡಾಟ ಇದೆ, ಈಗಲೇ ಶುರು ಮಾಡಿ.

ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯನ್ನೂ ನೋಡಿ. ಪಟ್ಟಿಯಲ್ಲಿರುವ ಸಂಸ್ಥೆಗೆ ಮೆರಿಟ್ ಮೇಲೆ ಸೇರಿದವರಿಗೆ ಅಡವು, ಜಾಮೀನು ಇಲ್ಲದೆ ಸಾಲ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಮೊರಟೋರಿಯಂನಲ್ಲಿ ಶೇ. 3 ಬಡ್ಡಿ ಸಹಾಯವನ್ನೂ ಕೊಡುತ್ತಾರೆ, ಆದರೆ ಅದು ವರ್ಷಕ್ಕೆ ಇಂತಿಷ್ಟೇ ಜನರಿಗೆ. ನಮ್ಮ ಸಂಘಗಳ, ಸಮಾಜಗಳ ವಿದ್ಯಾರ್ಥಿವೇತನದ ಮೊತ್ತ ಚಿಕ್ಕದು. ಆದರೆ ಕೇಳಲು ನಾಚಿಕೆ ಯಾಕೆ? ಅಪ್ಪಂದಿರು ವರ್ಷಾ ವರ್ಷಾ ಚಂದಾ ಕೊಟ್ಟಿಲ್ಲವಾ?

ಕೆಲಸ ಬಿಡದೆ ಓದುವ ದಾರಿಯೂ ಇದೆ. ಮುಂಬೈ ವಿಶ್ವವಿದ್ಯಾಲಯದ ಎಂಎಫ್‌ಎಂ (ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್ ಮಾಸ್ಟರ್ಸ್) ಕೆಲಸದಲ್ಲಿ ಇರುವವರಿಗಾಗಿಯೇ ಮಾಡಿದ ಮೂರು ವರ್ಷದ ಪಾರ್ಟ್‌ಟೈಮ್ ಕೋರ್ಸು. ಈ ಊರಿನಲ್ಲಿ ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಹೋಟೆಲ್ ಹುಡುಗರ ಒಂದು ಇಡೀ ತಲೆಮಾರು ನಮ್ಮದು, ಹಗಲು ಕೆಲಸ ರಾತ್ರಿ ಓದು ನಮಗೆ ಹೊಸದೇನಲ್ಲ. ಸಿಎಫ್‌ಎ ಮೂರು ಹಂತ, ರಿಸ್ಕ್ ವಿಷಯದ ಎಫ್‌ಆರ್‌ಎಂ ಪರೀಕ್ಷೆ ಎರಡು. ಫೀಸು ಡಾಲರಿನಲ್ಲಿದ್ದರೂ ಒಂದೊಂದೇ ಹಂತ ಕಟ್ಟಬಹುದು, ಸಂಬಳ ನಿಲ್ಲುವುದಿಲ್ಲ. ಮೊದಲ ಹಂತವೇ ಮೈಗೆ ಹತ್ತದಿದ್ದರೆ ಅದೂ ಒಳ್ಳೆಯದೇ. 16 ಲಕ್ಷ ಸುರಿಯುವ ಮೊದಲೇ ಈ ವಿಷಯ ನಮಗೆ ಆಗಿಬರುತ್ತದಾ ಅಂತ ಗೊತ್ತಾಯಿತಲ್ಲ. ಬ್ಯಾಂಕಿಂಗ್ ಕಡೆ ಒಲವಿರುವವರು ಪುಣೆಯ ಎನ್‌ಐಬಿಎಂ, ಗೋವಾದವರು ಗೋವಾ ವಿಶ್ವವಿದ್ಯಾಲಯದ ಫೈನಾನ್ಷಿಯಲ್ ಸರ್ವೀಸಸ್ ಎಂಬಿಎ, ಷೇರು ಮಾರುಕಟ್ಟೆಯವರು ಸೆಬಿ ಕಟ್ಟಿದ ಪಾತಾಳಗಂಗಾದ ಎನ್‌ಐಎಸ್‌ಎಂ ನೋಡಬಹುದು. ಪ್ರತಿಯೊಂದಕ್ಕೂ ಹೆಜ್ಜೆ 2ರಿಂದ 4ರವರೆಗಿನ ಲೆಕ್ಕ ಮತ್ತೆ ಹಾಕಿ.

ಹೆಜ್ಜೆ 7: ವಿದೇಶ ಅಂದರೆ

ಇಲ್ಲಿ ಒಂದೇ ಪರೀಕ್ಷೆ ಸಾಕು. ಓದು ಮುಗಿಸಿ ಮುಂಬೈಗೇ ವಾಪಸ್ ಬರಬೇಕಾದರೆ ಕಂತು ಕಟ್ಟಬಹುದಾ? ಒಂದು ವರ್ಷದ ಕೋರ್ಸಿಗೆ 45 ಲಕ್ಷ, ಶೇ. 11 ಬಡ್ಡಿ, ಆರು ತಿಂಗಳ ಬಿಡುವು. ಕಂತಿನ ದಿನಕ್ಕೆ 52.4 ಲಕ್ಷ. ಹತ್ತು ವರ್ಷದ ಇಎಂಐ 72,000 ದಾಟುತ್ತದೆ. ಇಲ್ಲಿ 12 ಲಕ್ಷದ ಕೆಲಸ ಸಿಕ್ಕರೂ ಕೈಗೆ ಬರುವುದು 78,000. ಉಳಿದ ಆರು ಸಾವಿರದಲ್ಲಿ ತಿಂಗಳು ಕಳೆಯಬೇಕು.

ಅಮೆರಿಕದಲ್ಲಿ ಓದಿದ ಮೇಲೆ ಕೆಲಸ ಮಾಡಲು 12 ತಿಂಗಳ ಒಪಿಟಿ ಅನುಮತಿ, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಕೋರ್ಸಾದರೆ ಇನ್ನೂ 24 ತಿಂಗಳು. ಎಲ್ಲ ಫೈನಾನ್ಸ್ ಕೋರ್ಸೂ ಸ್ಟೆಮ್ ಅಲ್ಲ. ಕಾಲೇಜು ವೀಸಾಕ್ಕೆ ಕೊಡುವ ಐ-20 ಪತ್ರದಲ್ಲಿ ಬರುವ ಕೋರ್ಸ್ ಕೋಡ್ ಕೇಳಿ ತಿಳಿದುಕೊಳ್ಳಿ. ಆಮೇಲಿನದು ಎಚ್-1ಬಿ ಕೆಲಸದ ವೀಸಾದ ಲಾಟರಿ. ಬ್ರಿಟನ್ನಿನಲ್ಲಿ ಎರಡು ವರ್ಷ ಇದ್ದ ಗ್ರಾಜುಯೇಟ್ ವೀಸಾ 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ. ಲಾಟರಿ ನಂಬಿ ಮನೆ ಅಡವಿಡುವುದನ್ನು ಹೂಡಿಕೆ ಅಂತ ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಹೆಜ್ಜೆ 8: ಹೌದು ಅಂತಾದರೆ ಸಾಲ ತೆಗೆಯುವ ಕ್ರಮ

ಎರಡು ಸರ್ಕಾರಿ ಬ್ಯಾಂಕು, ಒಂದು ಖಾಸಗಿ ಬ್ಯಾಂಕು, ಹೀಗೆ ಮೂರು ಕಡೆ ಬರವಣಿಗೆಯಲ್ಲಿ ದರ ತರಿಸಿ. ಸ್ಯಾಂಕ್ಷನ್ ಪೂರ್ತಿ ಆದರೂ ಹಣ ಸೆಮಿಸ್ಟರಿಗೆ ಬೇಕಾದಷ್ಟೇ ಬಿಡಿಸಿ. ಲ್ಯಾಪ್‌ಟಾಪ್, ಫಾರಿನ್ ಟ್ರಿಪ್ ಅಂತ ಸೇರಿಸಬೇಡಿ. ಓದುವಾಗಲೇ ಬಡ್ಡಿ ಕಟ್ಟಲು ಆದರೆ ಕಟ್ಟಿ. ನಮ್ಮ ಉದಾಹರಣೆಯಲ್ಲಿ ಮೊದಲ ವರ್ಷ ತಿಂಗಳಿಗೆ 6,700, ಎರಡನೇ ವರ್ಷ ಮತ್ತು ಆಮೇಲಿನ ಆರು ತಿಂಗಳು 13,300. ಅಷ್ಟನ್ನೂ ಕಟ್ಟಿದರೆ ಸಾಲ 16 ಲಕ್ಷದಲ್ಲೇ ನಿಲ್ಲುತ್ತದೆ, ಕಂತು 25,400ರಿಂದ 21,100ಕ್ಕೆ ಇಳಿಯುತ್ತದೆ. ಹೀಗೆ ಕಟ್ಟಿದವರಿಗೆ ಕೆಲವು ಬ್ಯಾಂಕುಗಳು ಬಡ್ಡಿಯಲ್ಲಿ ಶೇ. 1 ಬಿಡುತ್ತವೆ.

ಸೀಟು ಬುಕ್ಕಿಂಗ್ ಹಣದ ಬಗ್ಗೆ ಒಂದು ಮಾತು. "ನಾಳೆ ಸಂಜೆಯೊಳಗೆ ಕಟ್ಟದಿದ್ದರೆ ಸೀಟು ಹೋಗುತ್ತದೆ" ಅನ್ನುವ ಫೋನು ಬಂದೇ ಬರುತ್ತದೆ. ಯುಜಿಸಿಯ 2018ರ ನೀತಿಯ ಪ್ರಕಾರ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಜಾಸ್ತಿ ಇರುವಾಗ ಬಿಟ್ಟರೆ ಸಣ್ಣ ಪ್ರೊಸೆಸಿಂಗ್ ಶುಲ್ಕ ಬಿಟ್ಟು ಪೂರ್ತಿ ವಾಪಸ್, 15 ದಿನದೊಳಗಾದರೆ ಶೇ. 90. ಕೊನೆಯ ದಿನ ಕಳೆದು 15 ದಿನದೊಳಗೆ ಶೇ. 80, ಒಂದು ತಿಂಗಳೊಳಗೆ ಶೇ. 50, ಆಮೇಲೆ ಏನೂ ಇಲ್ಲ. ಇದು ವಿಶ್ವವಿದ್ಯಾಲಯಗಳಿಗೆ ಮತ್ತು ಅವುಗಳ ಕಾಲೇಜುಗಳಿಗೆ. ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಕೊಡುವ ಸ್ವತಂತ್ರ ಪಿಜಿಡಿಎಂ ಸಂಸ್ಥೆಗಳಿಗೆ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ನಿಯಮ. ಕಟ್ಟುವ ಮೊದಲು ಆ ಸಂಸ್ಥೆಯ ಪ್ರವೇಶದ ಕೊನೆಯ ದಿನ ಯಾವುದು ಅಂತ ಇಮೇಲ್‌ನಲ್ಲಿ ತರಿಸಿಕೊಳ್ಳಿ.

ನಮ್ಮ ಹುಡುಗಿ ಇನ್ನೂ ಏನೂ ತೀರ್ಮಾನ ಮಾಡಿಲ್ಲ. ಹಳೆಯ ಬ್ಯಾಚಿನ ಹದಿನೈದು ಜನರಿಗೆ ಮೆಸೇಜ್ ಹಾಕಿದ್ದಾಳೆ, ನಾಲ್ಕು ಜನ ಉತ್ತರಿಸಿದ್ದಾರೆ. ಅದರಲ್ಲಿ ಇಬ್ಬರು ಕ್ರೆಡಿಟ್‌ನಲ್ಲಿದ್ದಾರೆ, ಒಬ್ಬಳು ಐರೋಲಿಯಲ್ಲಿ, ಅದೂ ಇವಳದೇ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ. ಸೋಮವಾರ ಚಹಾ ಹೊತ್ತಿಗೆ ಸಿಗೋಣ ಅಂತ ಮಾತಾಗಿದೆಯಂತೆ. ಅವಳ ಅಪ್ಪ ಮಾತ್ರ ನಿನ್ನೆ ಫೋನ್ ಮಾಡಿ, ಡೊಮಿಸೈಲ್‌ಗೆ ಯಾವ್ಯಾವ ಕಾಗದ ಬೇಕು ಅಂತ ಕೇಳಿ ಬರೆದುಕೊಂಡರು.